ಎಲಿಯ ಬೆನ್ನು

ಹಲ್ಲಿನ ಡಾಕ್ಟರ ದವಾಖಾನಿ ಉದ್ಘಾಟನಾಕ ಬಂದಿದ್ದು ಇದು,
ನೇರಳೆ ಹೂವಿನ ಆರ್ಕಿಡ್, ಮಿಂಚಿನ ಕಾಗದ ಸುತ್ತಿಕೊಂಡು.
ಹೂವು ಉದುರಿದ ಮ್ಯಾಲ ಕಸದ ಬುಟ್ಟಿ ಪಕ್ಕಕ್ಕಿಟ್ಟರು.
ಅಲ್ಲಿ ಲೆಕ್ಕ ಬರಿಯಾಕಿ ನಾನು; ಕೇಳಿ ತಂದೆ,
ಆಟೋದಾಗ ತೊಡಿ ಮ್ಯಾಲ ಇಟ್ಕೊಂಡು,
ನವನಗರದ ಮೂವತ್ತೆರಡನೇ ಸೆಕ್ಟರ್ ತನಕ.

"ಇದಕ್ಕ ಮಣ್ಣ ಇಲ್ಲಲ್ಲ?" ಅಂದ್ರು ಮಾವ.
ಅಷ್ಟ. ತಮ್ಮ ಗಡಿಯಾರದ ಟೇಬಲ್ಲಿಗೆ ಹೊಳ್ಳಿದ್ರು.
ನನ್ನ ಜೋಡಿ ಅವರ ಮಾತು ಹಂಗ, ಒಂಬತ್ತು ವರ್ಷದಿಂದ:
ಊಟ ಆತೇನು, ಗ್ಯಾಸ್ ಬಂತೇನು, ಬಾಗಿಲಾ ಹಾಕು.

ಮಾರ್ಚಿಗೆ ಎಲಿ ಮಾಸಿದ ಬೆಳ್ಳಿಯಂಗಾತು.
ಧೂಳು ಅನ್ಕೊಂಡೆ. ಬಾಗಲಕೋಟಿಯಾಗ ಯಾವುದರ ಮ್ಯಾಲ ಧೂಳಿಲ್ಲ?
ಒರೆಸಿದೆ, ಹೋಗಲಿಲ್ಲ.
ಆಮ್ಯಾಲ ಸುಕ್ಕುಗಟ್ಟಿ, ಹಿಂಡಿಟ್ಟ ಅರಿವಿಯಂಗ
ಕುಂಡದ ಅಂಚಿನ ಮ್ಯಾಲ ಜೋತು ಬಿತ್ತು.
ನೀರಡಿಸಿರಬೇಕಂತ ನೀರು ಹಾಕಿದೆ.
ಮತ್ತಷ್ಟು ಸುಕ್ಕು. ಮತ್ತಷ್ಟು ನೀರು.
ಬೋರಿನ ನೀರು, ಚರಗಿಯ ಕಂಠಕ್ಕ ಬಿಳಿ ಗೆರಿ ಕಟ್ಟೋ ನೀರು.

ಒಂದು ರವಿವಾರ, ಯಾರೂ ಕರೀಲಾರದ,
ಮಾವ ಐಗ್ಲಾಸ್ ಕಣ್ಣಿಗೆ ಸಿಗಿಸಿಕೊಂಡ ಬಂದ್ರು.
ಎಲಿಯ ಮಾರಿ ನೋಡಲಿಲ್ಲ, ಮೆಲ್ಲಕ ಎತ್ತಿ
ಬೆನ್ನು ನೋಡಿದ್ರು,
ಕೈಗಡಿಯಾರ ಬೋರಲು ಹಾಕಿ ಮುಚ್ಚಳ ತಗೀತಾರಲ್ಲ, ಹಂಗ.
ಭಾಳ ಹೊತ್ತು ಸುಮ್ಮನಿದ್ದು,
"ಧೂಳಲ್ಲ ಇದು," ಅಂದ್ರು. "ನಡ್ಯಾಕ ಹತ್ತೈತಿ."

ಆ ಐಗ್ಲಾಸ್ ಮಗನ ಕೈಗೂ ಕೊಟ್ಟವರಲ್ಲ.
ನನ್ನ ಕಡೆ ಚಾಚಿದ್ರು. ಅಂಚಿನಾಗ
ಅವರ ರೆಪ್ಪಿಯ ಬೆವರು ಇನ್ನೂ ಬೆಚ್ಚಗಿತ್ತು.
ನೋಡಿದೆ: ಸಾಸಿವಿಗಿಂತ ಎಷ್ಟೋ ಸಣ್ಣ ಕೆಂಪು ನುಸಿ,
ಕಂಡೂ ಕಾಣದಂಥ ಬಲಿ, ಅದರಾಗ ತತ್ತಿ.
ಒಂದು ಇಡೀ ಓಣಿ ವಾಸ ಮಾಡಿತ್ತು ನನ್ನ ಅಡುಗಿಮನಿ ಕಿಟಕ್ಯಾಗ.

"ಖರೆ, ಇಷ್ಟ ಅಲ್ಲ," ಅಂದ್ರು ಮಾವ.
"ನಿಂತ ಗಡಿಯಾರದಾಗ ಒಮ್ಮೊಮ್ಮೆ ಎರಡು ರೋಗ ಇರ್ತಾವ.
ಒಂದು ಸಿಕ್ಕಿತಂತ ಮುಚ್ಚಳ ಹಾಕಬಾರದು."
ಹಾಸಿದ ಪೇಪರ್ ಮ್ಯಾಲ ಕುಂಡ ಸುರುವಿದ್ರು.
ಬೇರು ಕಂದು, ಮೆತ್ತಗ. ಹಿಚುಕಿದರ
ಸಿಪ್ಪಿ ಬೆರಳಿಗೆ ಬಂದು, ಒಳಗಿನ ದಾರ ಅಷ್ಟ ಉಳೀತು.
"ನೀರಡಿಕಿ ಅಲ್ಲವಾ ಇದು," ಅಂದ್ರು. "ಮುಳುಗಡಿ."

ನಮ್ಮ ಮನ್ಯಾಗ ಆ ಶಬ್ದ ಯಾರೂ ಸುಮ್ಮನ ಅನ್ನಂಗಿಲ್ಲ.
ಹಳೆ ಊರಾಗ ಅವರದು ನಾಲ್ಕು ಫೂಟಿನ ಅಂಗಡಿ ಇತ್ತಂತ,
ಅತ್ತಿ ಹೇಳಿದ್ದು. ಅವರು ಹೇಳಿದವರಲ್ಲ.
ಅವತ್ತೂ ಹೇಳಲಿಲ್ಲ.
ಸ್ಪಿರಿಟ್ ದೀಪದಾಗ ಕತ್ತರಿ ಕಾಸಿದ್ರು.

ಕೊಳತದ್ದೆಲ್ಲಾ ತಗದ ಮ್ಯಾಲ ಉಳಿದಾವು ಮೂರು ಬೇರು.
ಕೊಯ್ದ ಬಾಯಿಗೆ, ಬರೇ ಕೊಯ್ದಲ್ಲಿಗೆ,
ಮಸಾಲಿ ಡಬ್ಬಿಯ ದಾಲ್ಚಿನ್ನಿ ಪುಡಿ;
ಒಂದು ದಿನ ಒಣಗಾಕ ಬಿಟ್ಟು
ಇದ್ದಲಿ, ತೆಂಗಿನ ಸಿಪ್ಪಿ ಚೂರು, ತೂತಿನ ಹೊಸ ಕುಂಡ.
ಪಡುವಲ ಕಿಟಕಿಯಿಂದ ಮೂಡಲ ಕಿಟಕಿಗೆ.
ಸೋಪಿನ ನೀರಾಗ ಹಳೆ ಬನಿಯನ್ ತುಂಡು ಅದ್ದಿ
ಎಲಿಯ ಬೆನ್ನು ಒರೆಸೋದು ನಂದು, ನಾಕು ದಿನಕ್ಕೊಮ್ಮೆ,
ಯಾಕಂದ್ರ ತತ್ತಿಗೆ ತಂದ ಒಂದು ಟೈಮ್ ಐತಿ.
ಬೋರಿನ ನೀರು ಬಂದ್. ದವಾಖಾನಿ ಎಸಿ ಪೈಪಿನಿಂದ
ಹನಿಯೋ ನೀರು ಬಾಟ್ಲಿ ತುಂಬಿ ತರ್ತೀನಿ;
ಡಾಕ್ಟರು ಒಮ್ಮೆ ನೋಡಿ, ಏನೂ ಕೇಳಲಿಲ್ಲ.

ಹಳೆ ಎಲಿ ನೆಟ್ಟಗಾಗಲಿಲ್ಲ. ಆಗಂಗಿಲ್ಲಂತ.
ಒಂದು ಹಳದಿಯಾಗಿ ತಾನ ಕಳಚಿ ಬಿತ್ತು, ಉಳಿದ ಎರಡು
ಸುಕ್ಕು ಇಟ್ಕೊಂಡ ಬದುಕ್ಯಾವ.
ಮೇ ತಿಂಗಳ ಕಡೀಕ ನಡುವಿನ ಸೀಳಿನ್ಯಾಗ
ಉಗುರಿನಷ್ಟು ಹಸಿರು. ಹೂವಲ್ಲ, ಎಲಿ.
ಹೊಸ ಬೇರೊಂದು ಕುಂಡ ಒಲ್ಲೆ ಅಂತ ಗಾಳಿಗೆ ತುದಿ ಹಾಕಿತ್ತು.

ಈಗ ಟೇಬಲ್ಲಿನಿಂದ ತಲಿ ಎತ್ತಲಾರದ ಕೇಳ್ತಾರ ಮಾವ:
ಊಟ ಆತೇನು. ಗ್ಯಾಸ್ ಬಂತೇನು.
ಬೇರು ಬೆಳ್ಳಗಾತೇನು?

ಇಲ್ರಿ, ಇನ್ನೂ ಹಸಿರೈತಿ, ಅಂತೀನಿ.
ಹಂಗಾರ ಇವತ್ತು ನೀರು ಬ್ಯಾಡ, ಅಂತಾರ.