ಬಣ್ಣದ ನಂಬರು

ಸೋಮವಾರ, ಬ್ಯಾಡಗಿ. ಟೆಂಡರು ತೆರೆಯುವ ಮೊದಲೇ
ಊರು ಸೀನಿ ಸೀನಿ ಎದ್ದಿರುತ್ತದೆ.
ಸ್ಟೇಷನ್ನಿನಲ್ಲಿ ಎರಡೇ ನಿಮಿಷ ನಿಂತ ಗಾಡಿಯೂ
ಕೆಮ್ಮುತ್ತ ಹಾವೇರಿ ಕಡೆ ಹೋಗುತ್ತದೆ.
ಕೋಲ್ಡ್ ಸ್ಟೋರೇಜಿನ ಹಿಂದೆ ತಗಡಿನ ಕೋಣೆ:
ನಾನು, ಒಂದು ಮಷೀನು, ಎರಡು ಸ್ಟೂಲು, ಅಸಿಟೋನಿನ ನಾತ.

ಕಾಯಿ ಅರೆಯುತ್ತೇನೆ, ತೂಗುತ್ತೇನೆ, ನೆನೆಹಾಕುತ್ತೇನೆ,
ಕತ್ತಲಲ್ಲಿ ಹದಿನಾರು ತಾಸು.
ಮರುದಿನ ಗಾಜಿನೊಳಗೆ ಬೆಳಕು ಹಾಯಿಸಿದರೆ
ಮಷೀನು ಒಂದು ನಂಬರು ಹೇಳುತ್ತದೆ.
ನೂರೈವತ್ತಾದರೆ ಜಪಾನು. ನೂರಿಪ್ಪತ್ತಾದರೆ ದುಬೈ.
ಅದಕ್ಕೂ ಕೆಳಗಿದ್ದರೆ ಹುಬ್ಬಳ್ಳಿಯ ಖಾನಾವಳಿ.
ಎಣ್ಣೆಯಾಗಿ ಡ್ರಮ್ಮು ಸೇರಿದ್ದು
ಯಾವುದೋ ದೇಶದ ತುಟಿಗೆ, ಉಗುರಿಗೆ.
"ಅವರಿಗೆ ಖಾರ ಬ್ಯಾಡೋ ತಮ್ಮ," ಅನ್ನುತ್ತಾರೆ
ಸಾವುಕಾರ ಮಹಾರುದ್ರಪ್ಪ,
"ಬಾಯಿ ಉರೀಬಾರದು, ತುಟಿ ಮಾತ್ರ ಕೆಂಪಾಗಬೇಕು."

ಒಂದು ಮಾತು ಹೇಳಿಬಿಡುತ್ತೇನೆ:
ನನಗೆ ಕೆಂಪು ಕಾಣುವುದಿಲ್ಲ.
ಹುಬ್ಬಳ್ಳಿಯ ರೈಲ್ವೆ ದವಾಖಾನೆಯಲ್ಲಿ ಡಾಕ್ಟರು
ಚುಕ್ಕೆಚುಕ್ಕೆಯ ಪುಸ್ತಕ ತೆರೆದು, ಅಂಕಿ ಓದು ಅಂದರು.
ಚುಕ್ಕೆ ಇದ್ದವು. ಅಂಕಿ ಇರಲಿಲ್ಲ.
ಸಿಗ್ನಲ್ಲು ತಿಳಿಯದವನ ಕೈಗೆ ಗಾಡಿ ಯಾರು ಕೊಡುತ್ತಾರೆ?
ಈಗ ಅದೇ ನಾನು,
ನಮ್ಮ ತಾಲೂಕು ಎಷ್ಟು ಕೆಂಪು ಎಂದು
ಸಹಿ ಹಾಕಿ ಸಮುದ್ರದಾಚೆ ಕಳಿಸುತ್ತೇನೆ.
ಕಣದ ತುಂಬ ಹರವಿದ ಕಾಯಿ ನನ್ನ ಕಣ್ಣಿಗೆ
ಹಳೇ ಚಪ್ಪಲಿ, ಹೊಗೆ ಕುಡಿದ ತೊಲೆ.

ಇದು ಗೊತ್ತಿದ್ದವರು ಇಬ್ಬರು. ಒಬ್ಬರು ಸಾವುಕಾರರು.
ಇನ್ನೊಬ್ಬಳು ಹಜರತಬಿ, ತೊಟ್ಟು ಮುರಿಯುವವಳು.
ಕೆಂಪಂದ್ರ ಹೆಂಗಿರತೈತಿ ಎಂದು ಒಮ್ಮೆ ಕೇಳಿದ್ದೆ.
ಬೆರಳು ಮುಂದೆ ಹಿಡಿದಳು.
"ರಾತ್ರಿ ಮಜ್ಜಿಗ್ಯಾಗ ಅದ್ದಿದ್ರೂ ಉರೀತಾವಲ್ಲ, ಹಂಗ.
ಖಾರಿಲ್ಲದ ಕಾಯಿ ಅಂತಾರ ನೋಡು,
ಚೀಲಗಟ್ಟಲೆ ಮುರದು ಆಮ್ಯಾಲೆ ಹೇಳಲಿ."

ಹೋದ ವಾರ ಪೋಸ್ಟಿನಲ್ಲಿ ಒಂದು ಲಕೋಟೆ.
ನಾಲ್ಕು ತಿಂಗಳ ಕೆಳಗೆ ಹೋದ ಕಂಟೇನರಿನ ಕಾಯಿ,
ಒಂದು ಹಿಡಿ, ಪ್ಲಾಸ್ಟಿಕ್ಕಿನಲ್ಲಿ, ರಾಟರ್‌ಡ್ಯಾಮಿನ ಸೀಲು.
ಕಾಗದದಲ್ಲಿ ಮೂರೇ ಸಾಲು:
ನೀವು ಬರೆದದ್ದು ನೂರಾ ನಲವತ್ತೆಂಟು.
ನಮಗೆ ಸಿಕ್ಕಿದ್ದು ನೂರಾ ಎಂಟು.
ಉತ್ತರ ಬೇಕು.
"ಸಮುದ್ರದ ಸೆಕೆ," ಅಂದರು ಸಾವುಕಾರರು, "ಬಣ್ಣ ಹಾರಿರತೈತಿ."
ಹಾರುತ್ತದೆ, ಸುಳ್ಳಲ್ಲ. ನಾನೂ ಹೂಂ ಅಂದೆ.

ಹಜರತಬಿ ಆ ಹಿಡಿಯನ್ನು ಸೆರಗಿಗೆ ಸುರಿದುಕೊಂಡು
ಒಂದೊಂದೇ ಬೇರೆ ಮಾಡಿದಳು,
ಈ ಕಡೆ ಹನ್ನೊಂದು, ಆ ಕಡೆ ಒಂಬತ್ತು.
"ಇವು ನಮ್ಮವಲ್ಲ. ತೊಗಲು ನೋಡು, ಸುಕ್ಕೇ ಇಲ್ಲ.
ತೊಟ್ಟು ನೋಡು, ನಾವು ತಿರುವಿ ಮುರೀತೀವಿ,
ಇವನ್ನ ಯಾರೋ ಜಗ್ಗ್ಯಾರ."
ನನಗೂ ಕಂಡಿತು. ಸುಕ್ಕು ಕಾಣಲಿಕ್ಕೆ ಬಣ್ಣ ಬೇಕಿಲ್ಲ.
ನಾನು ಅಳೆದದ್ದು ಒಂದು ಬೊಗಸೆ ಸ್ಯಾಂಪಲ್ಲು.
ಚೀಲ ತುಂಬಿದ್ದು ರಾತ್ರಿ,
ಲಾರಿಯ ನಂಬರ್ ಪ್ಲೇಟು ಬೇರೆ ರಾಜ್ಯದ್ದು.

ಸಾವುಕಾರರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.
ಸಿಟ್ಟಾಗಲಿಲ್ಲ. ಸ್ಪೇನಿನ ಪಾರ್ಟಿ ಮಾತಾಡಿದೆಯಂತೆ,
ವರ್ಷಕ್ಕೆ ನಲವತ್ತು ಕಂಟೇನರು;
ಆ ಬಾಗಿಲು ತೆಗೆದರೆ ಅಡತಿಯಿಂದ ಹಮಾಲರ ತನಕ
ಯಾರೂ ತಿರುಗಿ ನೋಡುವಂತಿಲ್ಲವಂತೆ.
"ಇನ್ನೊಮ್ಮೆ ಅಳಿ. ನೂರಾ ನಲವತ್ತು ಅಂತ ಬರಿ."
ಹೆಗಲ ಮೇಲೆ ಕೈ ಇಟ್ಟರು, ಪ್ರೀತಿಯಿಂದಲೇ:
"ನಿನಗ ಹೆಂಗಿದ್ರೂ ಕಾಣೂದಿಲ್ಲಲ್ಲ."

ಹದಿನಾರು ತಾಸು ಕತ್ತಲು. ನಾನೂ ಮಲಗಲಿಲ್ಲ.
ಬೆಳಿಗ್ಗೆ ಮಷೀನು ಹೇಳಿತು, ನೂರಾ ಏಳು.
ಅವರಿಗಿಂತ ಒಂದು ಕಡಿಮೆಯೇ.

ರಿಜಿಸ್ಟರು ತೆರೆದೆ.
ಫೇಲಾದದ್ದನ್ನು ಕೆಂಪಿನಲ್ಲಿ ಬರೆಯುವುದು ನಮ್ಮಲ್ಲಿ ರೂಢಿ.
ಡಬ್ಬಿಯಲ್ಲಿ ಎರಡು ಪೆನ್ನು, ಕಪ್ಪೊಂದು, ಕೆಂಪೊಂದು,
ನನಗೆ ಎರಡೂ ಒಂದೇ ಕಪ್ಪು.
"ಹಜರತಬೀ, ಇದರಾಗ ಕೆಂಪು ಯಾವುದು?"
ಆಕೆ ಕೈ ಒರೆಸಿಕೊಳ್ಳದೆ ಬಂದಳು,
ಒಂದನ್ನು ಹೆಕ್ಕಿ ಕೊಟ್ಟಳು.
ಮೊದಲ ಅಂಕಿ ಮುಗಿಯುವಷ್ಟರಲ್ಲಿ
ನನ್ನ ಬೆರಳು ಉರಿಯಹತ್ತಿದವು.