ಹುಳುವಿನ ಕೆಲಸ

ಕೌಲ್ ಬಜಾರಿನ ಹಿಂದಿನ ಓಣಿಯಲ್ಲಿ
ಎರ್ರಿಸ್ವಾಮಿಯ ಹಳೇ ಸಾಮಾನಿನ ಅಂಗಡಿ.
ಬಾಗಿಲಲ್ಲೇ ದಂಡಿನ ಕಾಲದ ಆರಾಮಕುರ್ಚಿ,
ಕಪಾಟಿನಲ್ಲಿ ಕೂದಲೆಳೆ ಬಿರುಕಿನ ಪಿಂಗಾಣಿ ಬಟ್ಟಲು,
ಯಾರದೋ ಹೆಸರು ಸವೆದ ಬೆಳ್ಳಿ ಚಮಚ.
ಹಿತ್ತಲಲ್ಲಿ ನಾನು.

ನನ್ನದು ಹುಳುವಿನ ಕೆಲಸ.
ಹೋದ ವಾರ ಕೊಯ್ದ ತೇಗಕ್ಕೆ
ಚಹಾದ ಡಿಕಾಕ್ಷನ್ ಬಳಿದು, ಬಳ್ಳಾರಿ ಬಿಸಿಲಿಗೆ ಒಡ್ಡಿ
ದಬ್ಬಳದಿಂದ ತೂತು ಹಾಕುವುದು.
ದಿನಕ್ಕೆ ನೂರು ವರ್ಷ. ಕೂಲಿ ಆರುನೂರು.

ಎರ್ರಿಸ್ವಾಮಿ ಸುಳ್ಳು ಹೇಳುವವನಲ್ಲ,
ಬೆಲೆ ಹೇಳಿ ಸುಮ್ಮನಾಗುತ್ತಾನೆ.
ತೂತುಗಳ ಮೇಲೆ ಹರಿದಾಡಿದ ಗಿರಾಕಿಯ ಬೆರಳು
ತಾನೇ ಒಬ್ಬ ಕಲೆಕ್ಟರನನ್ನು ತಂದು
ಕುರ್ಚಿಯಲ್ಲಿ ಕೂರಿಸುತ್ತದೆ.

ಮೊನ್ನೆ ನಾನೇ ಮಾಡಿದ ಕುರ್ಚಿಯಡಿ ಹಿಟ್ಟು ಉದುರಿತ್ತು,
ಗೋಧಿ ಬಣ್ಣದ್ದು, ಒಂದು ಚಿಟಿಕೆ.
ಮೇಲೆ, ನಾನು ಹಾಕದ ತೂತು.
ಕಿವಿಯಿಟ್ಟೆ. ಒಳಗೆ ಯಾರೋ
ಅವಸರವಿಲ್ಲದೆ ಹುರಿಗಡಲೆ ಅಗಿಯುತ್ತಿದ್ದರು.

'ಸೀಮೆಎಣ್ಣಿ ಬಿಡಲೇ' ಅಂದ ಎರ್ರಿಸ್ವಾಮಿ,
'ಹುಳ ತಿಂದಿದ್ದಕ್ಕ ರೇಟೈತಿ, ತಿನ್ನೋ ಹುಳಕ್ಕಿಲ್ಲ.'

ಬಿಟ್ಟೆ.
ಸಂಜೆ ಆ ಕಾಲನ್ನೇ ಬಿಚ್ಚಿ, ಸೀಳಿ ನೋಡಿದೆ:
ದಾರಿ ನೆಟ್ಟಗಿರಲಿಲ್ಲ,
ಗಂಟು ಸಿಕ್ಕಲ್ಲಿ ಎಡಕ್ಕೆ ಹೊರಳಿ
ಮೆದು ಕಂಡಲ್ಲಿ ನಿಂತು ಉಂಡು
ಮತ್ತೆ ಹಳೇ ದಿಕ್ಕಿಗೇ ಹೊರಟಿತ್ತು.
ಕೊನೆಯಲ್ಲಿ ಅದೇ ಮಲಗಿತ್ತು, ಅಕ್ಕಿಕಾಳಿನಷ್ಟು.

ಈಗ ನನ್ನ ದಬ್ಬಳವೂ ಚೂರು ಸೊಟ್ಟ.
ಹೈದರಾಬಾದಿನವನೊಬ್ಬ ಭೂತಗನ್ನಡಿ ಹಿಡಿದು
ಹೊಸ ಕಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು
'ಈ ಕಾಲೊಂದು ಮಾತ್ರ ಅಸಲಿ' ಅಂದ.

ಎರ್ರಿಸ್ವಾಮಿ ಬೆಲೆ ಹೇಳಿದ.