ಮಡಿಯಿಲ್ಲದ ಪೆಟ್ಟಿಗೆ

ಲ್ಯಾಮಿಂಗ್ಟನ್ ರೋಡಿನ ಧನಸುಖಭಾಯಿ
ಏಳು ಪೆಟ್ಟಿಗೆ ಸಾಲಾಗಿಟ್ಟ,
ಹೆಣ್ಣು ತೋರಿಸುವವರ ಹಾಗೆ:
ಇದು ತೆಳ್ಳಗೆ, ಇದಕ್ಕೆ ಎರಡು ಮೈಕು,
ಇದು ಹಾಡೂ ಬರುತ್ತದೆ, ಮಾತು ಕಡಿಮೆ.

ನಾನು ಚೀಲದಿಂದ ನನ್ನ ಡಿಸ್ಕ್ ತೆಗೆದೆ.
ಚಾಳಿನ ಹದಿನೆಂಟು ಮನೆ ಸುತ್ತಿ ಬಂದದ್ದು.
ಹೆಸರು ಅಳಿಸಿದೆ, ಬೆನ್ನ ತುಂಬ ಗೀರು,
ಮೀನು ಕೊಯ್ಯುವ ಹಲಗೆಯ ಹಾಗೆ.
ಅಂಚಿನಲ್ಲೊಂದು ಅರಿಶಿನದ ಹೆಬ್ಬೆಟ್ಟು,
ಮೇಲಿನ ಮಾಳಿಗೆಯ ವತ್ಸಲಾತಾಯಿಯದು;
ಒಗ್ಗರಣೆಗೂ ಸಿನಿಮಾಕ್ಕೂ ಅವರಿಗೆ ಒಂದೇ ಕೈ.

"ಇದು ಓಡುತ್ತದೋ ನೋಡಿ, ಭಾಯಿ."
"ಹೊಸತು ಹಾಕಿ ತೋರಿಸುತ್ತೇನೆ ತಡೀರಿ."
ಬೇಡ. ಮದುವೆಯ ದಿನ
ಯಾರ ಅತ್ತೆಯೂ ಒಳ್ಳೆಯವಳೇ.

ಆರು ಸಾವಿರದ್ದು ಒಳಗೆಳೆದುಕೊಂಡಿತು,
ಗುಂಯ್ ಎಂದಿತು, ಯೋಚಿಸಿತು,
ನಾಲಗೆ ಚಾಚಿ ಹಿಂದಕ್ಕಿಟ್ಟಿತು.
ಬಲು ಮಡಿ. ಕಂಡವರ ಕೈಯ ನೀರು ಮುಟ್ಟುವುದಿಲ್ಲ.
ಎರಡನೆಯದು, ನಾಯಕಿ ಬಾಯಿ ತೆರೆದಲ್ಲೇ ನಿಂತು
ಅವಳ ಮುಖ ಚೌಕ ಚೌಕವಾಗಿ ಉದುರಿತು.
ಮೂರನೆಯದರಲ್ಲಿ ದನಿ ಒಂದು ಹೆಜ್ಜೆ ಹಿಂದೆ:
ಕಪಾಳಕ್ಕೆ ಬಿಟ್ಟು, ಕೈ ಕೆಳಗಿಳಿಸಿ,
ಅವನು ಬಾಗಿಲು ದಾಟಿದ ಮೇಲೆ ಏಟು ಕೇಳಿಸಿತು.
ನಾಲ್ಕನೆಯದು ಸಿನಿಮಾ ತಿಂದಿತು, ಆದರೆ
ಅತ್ತೆಯ ಯಕ್ಷಗಾನದ ಸಿ.ಡಿ. ಹಾಕಿದೊಡನೆ
'ನೋ ಡಿಸ್ಕ್' ಎಂದಿತು.
ಬಾಯಲ್ಲಿಟ್ಟುಕೊಂಡೇ ಇಲ್ಲವೆನ್ನುವ ಭೂಪ!

ಐದನೆಯದು, ಹದಿನೆಂಟು ನೂರು,
ತನ್ನ ಊರು ಯಾವುದೆಂದು ತನಗೇ ತಿಳಿಯದ್ದು,
ಗೀರು ನೆಕ್ಕಿತು, ಅರಿಶಿನ ನೆಕ್ಕಿತು,
ಅತ್ತೆಯ ಚೆಂಡೆ ಮದ್ದಲೆ ಎಲ್ಲ ನುಂಗಿ
ಎಲ್ಲೂ ಎಡವದೆ ಓಡಿತು.
ಎಂಜಲೋ ಮುಸುರೆಯೋ, ಬಡಿಸಿದ್ದುಂಡು ಹಾಡುವ ಜಾತಿ.

"ಇಯರ್‌ಫೋನಿನ ತೂತು ಉಂಟೋ? ಮುಂದುಗಡೆ?"
ಧನಸುಖಭಾಯಿ ನಕ್ಕ. "ಬೆಹೆನ್,
ಜನ ಜೋರಾಗಿ ಕೇಳಲಿಕ್ಕೆಂದು ಕೊಳ್ಳುತ್ತಾರೆ."

ಹೇಗೆ ಹೇಳಲಿ ಅವನಿಗೆ.
ಭಾಂಡುಪಿನಲ್ಲಿ ಹತ್ತಡಿಗೆ ಹನ್ನೆರಡರ ಕೋಣೆ.
ರಾತ್ರಿಯಿಡೀ ನಾಳೆಯ ಪೇಪರು ಅಚ್ಚು ಹಾಕಿ
ಏಳಕ್ಕೆ ಬಂದು ಮಲಗುತ್ತಾನೆ ಐತಪ್ಪ.
ಹನ್ನೊಂದು ವರ್ಷದಿಂದ ಹಗಲೆಲ್ಲ ನಾನು
ಪಾತ್ರೆಯನ್ನು ಬಟ್ಟೆಯ ಮೇಲಿಡುತ್ತೇನೆ,
ಕುಕ್ಕರು ಕೂಗುವ ಮೊದಲೇ ಓಡಿ ಅದರ ಬಾಯಿ ಮುಚ್ಚಿಸುತ್ತೇನೆ,
ಬಳೆ ತೆಗೆದು ಮೊಳೆಗೆ ಹಾಕುತ್ತೇನೆ.
ಜಗಳವನ್ನೂ ರವಿವಾರಕ್ಕೆ ಎತ್ತಿಡುತ್ತೇನೆ;
ರವಿವಾರ ಬಂದಾಗ ಯಾವುದೆಂದು ನೆನಪಿರುವುದಿಲ್ಲ.

ತೂತು ಇತ್ತು. ಧೂಳು ಮುಚ್ಚಿತ್ತು.
ಸೆರಗಿನ ತುದಿ ಹೊಸೆದು ಒರೆಸಿದೆ.
"ಈ ನೀಲಿ ಅಂಕಿ ಆರಿಸಲಿಕ್ಕಾಗುವುದೋ?"
ಆಗದಂತೆ. ಕರಿ ಟೇಪು ಅಂಟಿಸಿದರಾಯಿತು.

ಲೇಡೀಸ್ ಡಬ್ಬಿಯಲ್ಲಿ ಪೆಟ್ಟಿಗೆ ತೊಡೆಯ ಮೇಲೆ.
ಎಷ್ಟಾಯಿತೆಂದು ದಾದರಿನಲ್ಲಿ ಒಬ್ಬಳು,
ಮೋಸ ಹೋದಿರೆಂದು ಕುರ್ಲಾದಲ್ಲಿ ಇಬ್ಬರು,
ಬಟಾಣಿ ಸುಲಿಯುತ್ತ ಕೂತವಳು ಮಾತ್ರ
ಘಾಟಕೋಪರದಲ್ಲಿ ತಲೆಯೆತ್ತಿ,
"ಮನೆಯಲ್ಲಿ ನೋಡುವವರು ಯಾರು?" ಎಂದಳು.
ನಾನು, ಎಂದೆ.
ಹೇಳಿದ ಮೇಲೆ ನನಗೇ ಹೊಸತೆನಿಸಿತು.

ಮರುದಿನ ಹನ್ನೊಂದಕ್ಕೆ
ಕಿವಿಗೆ ಸಿಕ್ಕಿಸಿಕೊಂಡು ಗೋಡೆಗೊರಗಿದೆ.
ಪೊಲೀಸನ ಟೊಪ್ಪಿಗೆ ಪಾಯಸದ ಪಾತ್ರೆಗೆ ಬಿತ್ತು.
ಅವನು ಅದನ್ನೇ ತಲೆಗಿಟ್ಟು ಸಲಾಮು ಹೊಡೆದ.
ಸಿನಿಮಾದ ಸದ್ದೆಲ್ಲ ವಯರಿನೊಳಗೇ ಇತ್ತು.
ನನ್ನ ನಗುವಿಗೆ ಯಾವ ತೂತೂ ಇರಲಿಲ್ಲ.

ಐತಪ್ಪ ಧಡಕ್ಕನೆ ಎದ್ದು ಕೂತ.
ಕಳ್ಳ ಹೊಕ್ಕನೆಂದುಕೊಂಡಿರಬೇಕು.
ಪರದೆ ನೋಡಿದ, ನನ್ನ ನೋಡಿದ,
ಮೂಗು ಒರೆಸಿಕೊಂಡ. ಬೆರಳಿನಲ್ಲಿ ಇನ್ನೂ ಶಾಯಿ.
ಮತ್ತೆ ಅಡ್ಡಾಗಿ ಕಣ್ಣು ಮುಚ್ಚಿ,
"ಏನೆಂದ ಅವನು?"

ಟೇಪು ಅಂಟಿಸುವುದು ಮರೆತಿದ್ದೆ.
ಅವನ ರೆಪ್ಪೆಯ ಮೇಲೆ ನೀಲಿ ನಿಮಿಷಗಳು ಬದಲಾಗುತ್ತಿದ್ದವು.
ಒಂದು ಕಿವಿ ಬಿಚ್ಚಿ ಹೇಳತೊಡಗಿದೆ;
ಹೇಳುವಷ್ಟರಲ್ಲಿ ಮುಂದಿನ ನಗು ದಾಟಿಹೋಯಿತು.
ಹಿಂದಕ್ಕೆ ಎಳೆಯಲು ರಿಮೋಟು ಒತ್ತಿದೆ, ಒತ್ತಿದೆ,
ತಿರುವಿ ಬೆನ್ನು ಬಿಚ್ಚಿ ನೋಡಿದರೆ

ಸೆಲ್ಲು ಬೇರೆಯಂತೆ, ಧನಸುಖಭಾಯಿಯ ಲೆಕ್ಕದಲ್ಲಿ.